ಬ್ರೆಜಿಲ್ ಹಾಡಿನಲ್ಲಿ ನನ್ನ ದನಿ

ಮನುಷ್ಯನಿಗೆ ತನ್ನ ಬಗ್ಗೆ ಒಂದಾದರೂ ಒಳ್ಳೆಯ ಅಭಿಪ್ರಾಯ ಇರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಹುರುಪು ಬರುವುದಿಲ್ಲ. ನನ್ನ ರೂಪದ ಬಗ್ಗೆ ಅಂಥ ಅಭಿಪ್ರಾಯ ನನಗೆ ಯಾವತ್ತೂ ಇರಲಿಲ್ಲ. ನಮ್ಮ ಮನೆಯಲ್ಲಿ ಕನ್ನಡಿ ಇದೆ. ಬುದ್ಧಿಯ ಬಗ್ಗೆ ಸ್ವಲ್ಪ ಇತ್ತು. ಕೊಪ್ಪದ ಹತ್ತಿರ ಬಾಳಗಡಿಯಲ್ಲಿ ಮನೆ ಮಾಡಿ, ಕಾಲೇಜು ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡಲು ಶುರುಮಾಡಿ, ಅವರ ಉತ್ತರ ಪತ್ರಿಕೆಗಳನ್ನು ವರ್ಷ ವರ್ಷವೂ ಓದಿ ಅದೂ ಸವೆದುಹೋಯಿತು. ನಾನು ಹೇಳಿದ್ದನ್ನೇ ಅವರು ಬರೆದಿದ್ದರೆ, ನಾನು ಹೇಳಿದ್ದಾದರೂ ಏನು ಎಂದು ನನಗೇ ದಿಗಿಲಾಗುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಒಂದು ಅಭಿಪ್ರಾಯ: ನನಗೆ ಹಾಡಲು ಬರುತ್ತದೆ ಎಂಬುದು. ಅದೂ ಎಲ್ಲರೂ ಹಾಡುವ ಹಾಡಲ್ಲ. ನಾನು ಹಾಡುತ್ತಿದ್ದದ್ದು ಬ್ರೆಜಿಲ್ ಹಾಡು.

ಬ್ರೆಜಿಲ್ ಎಂದರೆ ನಮ್ಮ ಕಡೆಯವರಿಗೆ ಹಾಡಿನ ದೇಶವಲ್ಲ, ಕಾಫಿಯ ದೇಶ. ಅಲ್ಲಿ ಹಿಮ ಬಿದ್ದು ಗಿಡ ಸುಟ್ಟಿತು ಎಂದು ಪೇಪರಿನಲ್ಲಿ ಬಂದರೆ ಇಲ್ಲಿ ಕೊಪ್ಪದ ಹೋಟೆಲಿನಲ್ಲಿ ಜನ ಇನ್ನೊಂದು ಪ್ಲೇಟ್ ಬೋಂಡ ಹೇಳುತ್ತಾರೆ. ಅಲ್ಲಿ ಫಸಲು ಚೆನ್ನಾಗಿದೆ ಎಂದರೆ ಇಲ್ಲಿ ಸೂತಕ. ನಾನು ಹೇಳುತ್ತಿರುವ ವರ್ಷಗಳಲ್ಲಂತೂ ಕಾಫಿಯ ರೇಟು ಪಾತಾಳ ಕಂಡಿತ್ತು, ಬ್ರೆಜಿಲ್ ಎಂದು ಬಾಯಿಬಿಟ್ಟರೆ ಸಾಕು, ತೋಟದವರು ನಮ್ಮನ್ನೇ ಆ ದೇಶದ ಏಜೆಂಟರಂತೆ ನೋಡುತ್ತಿದ್ದರು. ಇಂಥ ಕಾಲದಲ್ಲಿ ನಾನು ಆ ದೇಶದ ಹಾಡನ್ನು ಮನೆಗೆ ತಂದೆ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾನು ಶಿವಮೊಗ್ಗದಲ್ಲಿ ಓದುವಾಗ ಮಹಡಿಯ ಮೇಲೊಂದು ಕೋಣೆಯಲ್ಲಿ ಮೂವರು ಬಾಡಿಗೆಗಿದ್ದೆವು. ಶೃಂಗೇರಿ ಹತ್ತಿರದ ಮೆಣಸೆಯ ಶ್ರೀಧರ, ನರಸಿಂಹರಾಜಪುರ ತಾಲ್ಲೂಕಿನ ಶೆಟ್ಟಿಕೊಪ್ಪದ ನಾಗೇಂದ್ರ, ಮತ್ತೆ ನಾನು. ಮನೆಯ ಯಜಮಾನರ ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಅವನು ರಜೆಯಲ್ಲಿ ಬಂದಾಗ ಒಂದು ರೆಕಾರ್ಡ್ ಪ್ಲೇಯರನ್ನೂ ಕೆಲವು ರೆಕಾರ್ಡುಗಳನ್ನೂ ತಂದು ಅಪ್ಪನಿಗೆ ಕೊಟ್ಟು ಹೋಗಿದ್ದ. ಯಜಮಾನರು ಒಂದು ಸಲ ಹಾಕಿ ನೋಡಿ, "ಈ ಕೂಗಾಟ ನನ್ನ ಕೈಲಾಗೋದಿಲ್ಲ, ನೀವು ವಯಸ್ಸಿನ ಹುಡುಗರು, ತಡಕೊಳ್ತೀರಿ" ಎಂದು ಎಲ್ಲವನ್ನೂ ಮೇಲಕ್ಕೆ ಸಾಗಿಸಿಬಿಟ್ಟರು. ಅದರಲ್ಲಿ ಒಂದರ ಹೊದಿಕೆ ಕಿತ್ತಳೆ ಬಣ್ಣದ್ದು. ಅದರ ಮೇಲೆ ಸಮುದ್ರದ ದಡದಲ್ಲಿ ನಿಂತ ಇಬ್ಬರು ಹೆಂಗಸರು ಮತ್ತು ಅವರ ಹಿಂದೆ, ಯಾಕೆ ನಿಂತಿದ್ದೇವೆಂದು ತಮಗೇ ತಿಳಿಯದಂತಿದ್ದ ಕೆಲವು ಗಂಡಸರು. ಮಾತು ಕೆಲವು ಕಡೆ ಇಂಗ್ಲಿಷು, ಕೆಲವು ಕಡೆ ಅವರದೇ ಭಾಷೆ, ಬಹಳ ಕಡೆ ಮಾತೇ ಇಲ್ಲ, ಬರೀ ಪಾ ಪಾ ರಾ ಪಾ. ತಾಳ ಮಾತ್ರ ಕುಳಿತವರ ಮೊಣಕಾಲನ್ನು ಕೇಳದೆಯೇ ಕುಣಿಸುವಂಥದ್ದು.

ಆ ವರ್ಷವೆಲ್ಲ ನಾವು ಅದನ್ನು ಕೇಳಿದೆವು, ಕಲಿತೆವು, ಹಾಡಿದೆವು. ಭಾಷೆ ಗೊತ್ತಿಲ್ಲದ ಕಡೆ ನಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದೆವು. ಒಂದು ಹಾಡಿನಲ್ಲಿ ಆ ಹೆಂಗಸರು ಬಹಳ ವಿರಹದಿಂದ 'ಗೋಣಿಚೀಲ, ಗೋಣಿಚೀಲ' ಎನ್ನುತ್ತಾರೆಂದು ನಾವು ಮೂವರೂ ಒಪ್ಪಿದ್ದೆವು. ಶ್ರೀಧರನದು ಒಳ್ಳೆಯ ಕಂಠ, ಅವನು ಮೇಲಿನ ದನಿ. ನಾಗೇಂದ್ರ ಹಾಡುತ್ತಿರಲಿಲ್ಲ. ನಾಲಿಗೆಯಲ್ಲೇ ಚಿಕ್ಕು ಚಿಕ್ಕು ಎಂದು ತಾಳ ಹಾಕಿ, ಟ್ರಂಕನ್ನು ಬೆರಳಲ್ಲಿ ಬಡಿಯುತ್ತಿದ್ದ. ನಾನು ಮಧ್ಯದ ದನಿ. ಮೇಲಿನ ದನಿ ಎಲ್ಲರಿಗೂ ಕೇಳಿಸುತ್ತದೆ, ಅದನ್ನು ಹಿಡಿಯುವುದು ದೊಡ್ಡ ಮಾತಲ್ಲ. ಆದರೆ ಅದರ ಕೆಳಗೆ ಸಣ್ಣಗೆ, ಗುಂಯ್ ಎಂದು ಒಂದು ದನಿ ಹರಿಯುತ್ತಿತ್ತು. ಅದನ್ನು ಪತ್ತೆ ಹಚ್ಚಿದವನು ನಾನೊಬ್ಬನೇ. ಉಳಿದಿಬ್ಬರು "ಎಲ್ಲಿ, ಎಲ್ಲಿ?" ಎಂದು ಕಿವಿ ಇಟ್ಟು ಕೇಳಿ, ಮುಖ ಮುಖ ನೋಡಿಕೊಂಡು, "ಹೌದು ಮಾರಾಯ, ಇದೆ" ಎಂದಿದ್ದರು. ಸೂಕ್ಷ್ಮ ಕಿವಿ ಎಂಬ ಹೆಮ್ಮೆ ಅಂದೇ ನನ್ನ ತಲೆಗೆ ಹತ್ತಿದ್ದು. ಮುಂದೆ ಹಡಗಿನ ಮಗ ಮದುವೆಯಾಗಿ ಬಂದು ಪ್ಲೇಯರನ್ನೂ ರೆಕಾರ್ಡುಗಳನ್ನೂ ಕೊಂಡೊಯ್ದ. ನಾವೂ ನಮ್ಮ ನಮ್ಮ ಊರಿಗೆ ಚದುರಿದೆವು. ಹಾಡು ಮಾತ್ರ ನನ್ನ ಬಾಯಲ್ಲಿ ಉಳಿಯಿತು.

ಅದರ ಪರಿಣಾಮವನ್ನೆಲ್ಲ ಉಂಡವಳು ನನ್ನ ಹೆಂಡತಿ ಲಲಿತ. ಹೆಣ್ಣು ನೋಡಲು ಹೋದಾಗ ಅವಳು ಒಂದು ದೇವರನಾಮ ಹೇಳಿದಳು. ಅವಳ ಸೋದರಮಾವ ತಮಾಷೆಗೆ, "ಹುಡುಗನೂ ಒಂದು ಹೇಳಲಿ" ಎಂದರು. ನಾನು ಹೇಳಿಯೇಬಿಟ್ಟೆ. ಶ್ರೀಧರನೂ ಇಲ್ಲದೆ, ನಾಗೇಂದ್ರನೂ ಇಲ್ಲದೆ, ಬರೀ ಮಧ್ಯದ ದನಿ. ಒಗ್ಗರಣೆಯನ್ನು ಮಾತ್ರ ತಂದು ಎಲೆಗೆ ಬಡಿಸಿದ ಹಾಗೆ. ಎಲ್ಲರೂ ನೆಲ ನೋಡುತ್ತ ಕುಳಿತರು. ಆಮೇಲೆ ಅವಳ ತಂದೆ ನನ್ನ ತಂದೆಯನ್ನು ಪಕ್ಕಕ್ಕೆ ಕರೆದು, "ಹುಡುಗನಿಗೆ ಚಿಕ್ಕಂದಿನಲ್ಲಿ ಜ್ವರ ಗಿರ ಏನಾದರೂ ನೆತ್ತಿಗೇರಿತ್ತಾ?" ಎಂದು ಕೇಳಿದ್ದರಂತೆ. ಮದುವೆಯಾದ ಮೇಲೂ ನಾನು ಸ್ನಾನ ಮಾಡುವಾಗ, ತೆಂಗಿನಕಾಯಿ ಸುಲಿಯುವಾಗ, ಪೇಪರ್ ತಿದ್ದುವಾಗ ಅದನ್ನೇ ಹಾಡಿದೆ. ಲಲಿತ ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದೆ: "ನಿನಗೆ ಪೂರ್ತಿ ಹಾಡು ಗೊತ್ತಿಲ್ಲ. ಇದು ಒಳಗಿನ ದನಿ. ಪೂರ್ತಿ ಕೇಳಿದ ದಿನ ನಿನಗೆ ಇದರ ಬೆಲೆ ತಿಳಿಯುತ್ತದೆ."

ಆ ದಿನ ಬಂತು. ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದವನು ಒಂದು ಮಧ್ಯಾಹ್ನ ದೊಡ್ಡ ಅಂಗಡಿಯೊಂದಕ್ಕೆ ಬಿಸಿಲು ತಪ್ಪಿಸಿಕೊಳ್ಳಲು ನುಗ್ಗಿದೆ. ಗಾಜಿನ ಹಿಂದೆ ಸಿ.ಡಿ.ಗಳ ಸಾಲು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ಚೌಕ. ಆ ಸಮುದ್ರ, ಆ ಹೆಂಗಸರು, ಹಿಂದೆ ಆ ಗಂಡಸರು, ಎಲ್ಲ ಅಂಗೈಯಗಲಕ್ಕೆ ಕುಗ್ಗಿ ನಿಂತಿದ್ದರು. ನನ್ನ ಎದೆ ಹೊಡೆದುಕೊಂಡ ರೀತಿಗೆ ಅಂಗಡಿಯವನು ನೀರು ಬೇಕಾ ಎಂದು ಕೇಳಿದ. ಹಳೆಯ ರೆಕಾರ್ಡನ್ನು ಶುಚಿ ಮಾಡಿ ಹೊಸದಾಗಿ ಬಿಡುಗಡೆ ಮಾಡಿದ್ದಾರೆ, ಒಂದೊಂದು ದನಿಯೂ ಬಿಡಿ ಬಿಡಿಯಾಗಿ ಕೇಳಿಸುತ್ತದೆ ಎಂದು ವಿವರಿಸಿದ. ನನಗೆ ಬೇಕಾಗಿದ್ದದ್ದೇ ಅದು.

ಮನೆಗೆ ಬಂದು ಲಲಿತಳನ್ನು ಅಡುಗೆಮನೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. "ಯಾವ ದೇಶದ್ದು?" ಎಂದಳು. ಹೇಳಿದೆ. "ಕಾಫಿ ರೇಟು ಬೀಳಿಸಿದ್ದು ಸಾಲದು ಅಂತ ಈಗ ಹಾಡೂ ಕಳಿಸಿದ್ದಾರಾ?" ಎಂದಳು. ಅವಳ ತವರಿನಲ್ಲಿ ಕಾಫಿ ತೋಟ ಇದೆ. ಹಾಡು ಶುರುವಾಯಿತು. ಹೆಂಗಸರು ಬಂದರು. ಎಂಥ ಹೊಳಪು! ಎಷ್ಟೋ ವರ್ಷ ಅಟ್ಟದ ಮೇಲಿದ್ದ ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟ ಹಾಗೆ. "ಈಗ ಕೇಳು, ಮಧ್ಯದ ದನಿ ಈಗ ಬರುತ್ತದೆ" ಎಂದೆ. ಬರಲಿಲ್ಲ. ಮುಂದಿನ ಸಾಲಿನಲ್ಲಿ ಬರುತ್ತದೆ ಎಂದೆ. ಅಲ್ಲಿಯೂ ಇಲ್ಲ. ಇನ್ನೊಂದು ಹಾಡು ಹಾಕಿದೆ, ಮತ್ತೊಂದು ಹಾಕಿದೆ. ಇಬ್ಬರು ಹೆಂಗಸರು, ಒಂದು ಪಿಯಾನೋ, ತಾಳವಾದ್ಯ, ಆಗಾಗ ಒಬ್ಬ ಗಂಡಸಿನ ಗುನುಗು. ಅಷ್ಟೇ. ಜೊತೆಗಿದ್ದ ಸಣ್ಣ ಪುಸ್ತಕದಲ್ಲಿ ಯಾರು ಯಾರು ಏನೇನು ಹಾಡಿದ್ದಾರೆ ಎಂದು ಬರೆದಿತ್ತು. ನನ್ನ ದನಿಯನ್ನು ಹಾಡಿದವರು ಯಾರೂ ಇರಲಿಲ್ಲ.

ಲಲಿತ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಆ ಪ್ಲೇಯರು ತಿರುಗುವಾಗ ಸದ್ದು ಮಾಡುತ್ತಿತ್ತಾ?" ಎಂದು ಕೇಳಿದಳು. ಮಾಡುತ್ತಿತ್ತು. ಮೋಟಾರು ಹಳೆಯದು, ಗುಂಯ್ ಎನ್ನುತ್ತಿತ್ತು. ಭಾರ ಬಿದ್ದಾಗ ಸ್ವಲ್ಪ ಇಳಿಯುತ್ತಿತ್ತು, ಆಮೇಲೆ ಏರುತ್ತಿತ್ತು. ನಾನು ಇಷ್ಟು ವರ್ಷ ಕಣ್ಣು ಮುಚ್ಚಿ, ತಲೆದೂಗಿ, ಭಾವ ತುಂಬಿ ಹಾಡಿದ್ದು ಮೋಟಾರಿನ ಪಾಲನ್ನು. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಾನು ಹಾಡಿದ್ದು ಮೋಟಾರು. ಮರುದಿನ ಸ್ನಾನದ ಮನೆಯಲ್ಲಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕೆಲವು ದಿನ ಮನೆ ಎಷ್ಟು ನಿಶ್ಶಬ್ದವಾಯಿತು ಎಂದರೆ ಪಕ್ಕದ ಮನೆಯವರು ಲಲಿತಳ ಹತ್ತಿರ, "ಮೇಷ್ಟ್ರಿಗೆ ಹುಷಾರಿಲ್ಲವಾ?" ಎಂದು ವಿಚಾರಿಸಿದರು.

ತಡೆಯಲಾರದೆ ಒಂದು ಭಾನುವಾರ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಶೃಂಗೇರಿ ಬಸ್ಸು ಹತ್ತಿ ಮೆಣಸೆಗೆ ಹೋದೆ. ಶ್ರೀಧರ ಅಂಗಳದಲ್ಲಿ ಸ್ಪ್ರೇಯರ್ ಬಿಚ್ಚಿಟ್ಟುಕೊಂಡು ಕೂತಿದ್ದ. ನಾನು ಎಲ್ಲವನ್ನೂ ಹೇಳಿದೆ. ಅವನು ವಾಷರನ್ನು ಬೆಳಕಿಗೆ ಹಿಡಿದು ನೋಡುತ್ತಲೇ, "ಎಂತ ಮಾರಾಯ, ನಿಂಗೆ ಈಗ ಗೊತ್ತಾತಾ?" ಎಂದ.

ನಾನು ಚೀಲವನ್ನು ಅಲ್ಲೇ ಕೆಳಗಿಟ್ಟೆ. "ಅಂದರೆ ನಿಮಗೆ ಗೊತ್ತಿತ್ತಾ?"

"ಮತ್ತೆ? ಕಿವಿ ಇದ್ದವಕ್ಕೆ ಗೊತ್ತಾಗ್ದೆ ಇರ್ತಾ? ನಾನು ಅವತ್ತೇ ಹೇಳ್ತಿದ್ದೆ. ನಾಗೇಂದ್ರ ಬಿಡ್ಲಿಲ್ಲೆ. 'ಅವ್ನು ಖುಷೀಲಿ ಹಾಡ್ತಾ ಇದಾನೆ, ನಮ್ಮ ಗಂಟೇನು ಹೋಗ್ತದೆ, ಸುಮ್ನಿರು' ಅಂದ. ನಾನು ಸುಮ್ನಾದೆ."

ನಾಗೇಂದ್ರನ ಹೆಸರು ಬಂದ ಮೇಲೆ ಶ್ರೀಧರ ವಾಷರನ್ನು ಕೆಳಗಿಟ್ಟ. ಹಿಂದಿನ ವರ್ಷ ಅವನಿಗೆ ಲಕ್ವ ಹೊಡೆದಿತ್ತು. ಕಾಲು ಅಷ್ಟಿಷ್ಟು ಚೇತರಿಸಿಕೊಂಡಿತು, ಬಲಗೈ ಬರಲಿಲ್ಲ, ಮಾತು ಹೋದದ್ದು ಹೋಗಿಯೇಬಿಟ್ಟಿತು. ತೋಟದಲ್ಲಿ ನಿಂತು ಕೂಗಿದರೆ ರಸ್ತೆಯ ಬಸ್ಸು ನಿಲ್ಲುತ್ತಿತ್ತು, ಅಂಥ ಬಾಯಿ ಅವನದು. ನಾನು ಅವನನ್ನು ಒಂದೆರಡು ಸಲ ನೋಡಿ ಬಂದಿದ್ದೆ. ಆಮೇಲೆ ಹೋಗಿರಲಿಲ್ಲ. ಎದುರಿಗೆ ಕೂತು ನಾನೊಬ್ಬನೇ ಮಾತಾಡುವುದು, ಅವನು ಕಣ್ಣಲ್ಲಿ ನೋಡುವುದು, ಸಹಿಸಲಿಕ್ಕಾಗುತ್ತಿರಲಿಲ್ಲ. ಕೊನೆಗೆ ಶ್ರೀಧರನೇ ಸ್ಪ್ರೇಯರನ್ನು ಪಕ್ಕಕ್ಕೆ ಸರಿಸಿ ಹೇಳಿದ: "ಮಂಗಳೂರಿನ ಡಾಕ್ಟ್ರು ಹಳೇದೆಲ್ಲ ಅವನ ಕಿವಿಗೆ ಬೀಳ್ಲಿ ಅಂದಿದ್ರಡ. ಈ ಹಾಡಿಗಿಂತ ಹಳೇದು ಎಂತ ಇದೆ? ನಡಿ, ತಗೊಂಡು ಹೋಗಣ." ನನಗೂ ಆಸೆ ಹುಟ್ಟಿತು. ಮಾತು ಬಾರದವರೂ ಹಾಡಬಲ್ಲರು ಎಂದು ಎಲ್ಲೋ ಪತ್ರಿಕೆಯಲ್ಲಿ ಓದಿದ ನೆನಪು. ಇದಂತೂ ಮಾತೇ ಬೇಡದ ಹಾಡು. ಬಸ್ಸಿನಲ್ಲಿ ಕೊಪ್ಪ ದಾಟಿ ನರಸಿಂಹರಾಜಪುರದ ದಾರಿ ಹಿಡಿಯುವ ಹೊತ್ತಿಗೆ, ನಾಗೇಂದ್ರ ಎದ್ದು ನಿಂತು ಪಾ ಪಾ ರಾ ಪಾ ಎನ್ನುವುದು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು.

ಶೆಟ್ಟಿಕೊಪ್ಪದಲ್ಲಿ ನಾಗೇಂದ್ರನ ಹೆಂಡತಿ ಸುಮಿತ್ರ ನಮ್ಮನ್ನು ಕಂಡು, "ಅಂತೂ ದಾರಿ ನೆನಪಾಯ್ತಲ್ಲ ಮೇಷ್ಟ್ರೆ" ಎಂದರು. ಆ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ನಾಗೇಂದ್ರ ಜಗಲಿಯ ಕುರ್ಚಿಯಲ್ಲಿದ್ದ. ನಮ್ಮನ್ನು ನೋಡಿ ಮುಖದ ಒಂದು ಬದಿ ನಕ್ಕಿತು. ಟಿ.ವಿ.ಗೆ ಜೋಡಿಸಿದ ಪ್ಲೇಯರಿಗೆ ಸಿ.ಡಿ. ಹಾಕಿದೆವು. ಪರದೆ ನೀಲಿಯಾಯಿತು, ಒಳಗಿನಿಂದ ಸಮುದ್ರದಾಚೆಯ ಹೆಂಗಸರು ಹಾಡತೊಡಗಿದರು. ನಾಗೇಂದ್ರನ ಕಣ್ಣು ಅರಳಿತು. ಎಡಗೈಯ ಬೆರಳು ಕುರ್ಚಿಯ ತೋಳಿನ ಮೇಲೆ ಮೆಲ್ಲಗೆ ಬಡಿಯಲು ಶುರುವಾಯಿತು. ತಾಳ ಒಂದಿಷ್ಟೂ ತಪ್ಪಿರಲಿಲ್ಲ. ಸುಮಿತ್ರ ಕಂಬ ಹಿಡಿದು ನಿಂತುಬಿಟ್ಟರು. ಶ್ರೀಧರ ತನ್ನ ಒಡೆದ ಗಂಟಲಿನಲ್ಲೇ ಮೇಲಿನ ದನಿ ಹಿಡಿದ. ನಾಗೇಂದ್ರನ ತುಟಿ ಅಲುಗಿತು. ಗಾಳಿ ಬಂತು. ದನಿ ಬರಲಿಲ್ಲ. ಮತ್ತೆ ಮತ್ತೆ ತುಟಿ ಸೇರಿಸಿ ಯತ್ನಿಸಿದ. ಆಗಲಿಲ್ಲ. ಅವನ ಕಣ್ಣಿನಲ್ಲಿ ನೀರು ತುಂಬಿದ್ದನ್ನು ನೋಡಿ ಸುಮಿತ್ರ, "ಬೇಡ ಮೇಷ್ಟ್ರೆ, ತೆಗೀರಿ, ಸುಮ್ನೆ ಅವರಿಗೆ ಹಿಂಸೆ" ಎಂದು ಮುಖ ತಿರುಗಿಸಿದರು.

ನನಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದಿದ್ದಾಗ ನಾನು ಮಾಡುವುದು ಒಂದೇ. ಕಣ್ಣು ಮುಚ್ಚಿ ಹಾಡಿದೆ. ಆ ಹಾಡಿನಲ್ಲಿ ನನಗೆ ಬೇರೆ ಪಾಲು ಬಾರದು, ಆದ್ದರಿಂದ ಮೋಟಾರನ್ನೇ ಹಾಡಿದೆ. ಅದು ಎಂದಿಗಿಂತ ಕೆಟ್ಟದಾಗಿಯೇ ಬಂದಿರಬೇಕು. ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಉಸಿರು ಎಳೆದುಕೊಂಡಿದ್ದೆ.

"ಸಾಕು."

ಶ್ರೀಧರ ಹೇಳಿದನೆಂದುಕೊಂಡು ಕಣ್ಣು ಬಿಟ್ಟೆ. ಶ್ರೀಧರ ಬಾಯಿ ತೆರೆದುಕೊಂಡು ನಾಗೇಂದ್ರನನ್ನು ನೋಡುತ್ತಿದ್ದ. ನಾಗೇಂದ್ರ ಎಡಗೈಯನ್ನು ನನ್ನತ್ತ ಎತ್ತಿ ಹಿಡಿದಿದ್ದ. ಹೇಳಿದ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೂ ಆಶ್ಚರ್ಯವಾದಂತಿತ್ತು. ಸುಮಿತ್ರ ಓಡಿಬಂದು ಅವನ ಮುಂದೆ ನೆಲಕ್ಕೆ ಕೂತರು. "ಏನಂದ್ರಿ? ಇನ್ನೊಂದ್ ಸಲ ಹೇಳಿ" ಎಂದರು. ಅವನು ಬಾಯಿ ಅಲುಗಿಸಿದ, ಏನೂ ಬರಲಿಲ್ಲ. ಸುಮಿತ್ರ ನನ್ನತ್ತ ತಿರುಗಿದರು. "ಹಾಡಿ ಮೇಷ್ಟ್ರೆ!" ಹಾಡಿದೆ. "ಸಾಕು" ಎಂದ ನಾಗೇಂದ್ರ, ಮೊದಲಿಗಿಂತ ಗಟ್ಟಿಯಾಗಿ. ಆಮೇಲೆ ಪರೀಕ್ಷೆಯೇ ನಡೆಯಿತು. ಬರೀ ಸಿ.ಡಿ. ಹಾಕಿದರು, ಮಾತಿಲ್ಲ. ಶ್ರೀಧರನೊಬ್ಬನೇ ಹಾಡಿದ, ಮಾತಿಲ್ಲ. ನಾನು ಬಾಯಿ ತೆರೆದರೆ ಮಾತು. ಸುಮಿತ್ರ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವಂತಿರಲಿಲ್ಲ. ಶ್ರೀಧರ ಮಾತ್ರ ಸ್ಪಷ್ಟವಾಗಿ ನಗುತ್ತಿದ್ದ. "ಪಾಪ, ಕಾಲೇಜು ದಿನದಿಂದ ತಡ್ಕೊಂಡಿದ್ದ ಮಾರಾಯ, ಈಗ ಹೊರಗೆ ಬಂತು" ಎಂದ.

ಅಂದಿನಿಂದ ಭಾನುವಾರಗಳಲ್ಲಿ ನಾನು ಶೆಟ್ಟಿಕೊಪ್ಪಕ್ಕೆ ಹೋಗಿ ಹಾಡುವುದು, ನಾಗೇಂದ್ರ ಸಾಕು ಎನ್ನುವುದು ನಡೆಯಿತು. ಒಂದು ಮಾತು ಬಂದ ಮೇಲೆ ಇನ್ನೊಂದು ಬರಲೇಬೇಕಲ್ಲ ಎಂಬ ಆಸೆ ನಮ್ಮೆಲ್ಲರದು. ನಿಲ್ಲಿಸು ಎನ್ನಬಹುದು, ಬಾಯಿ ಮುಚ್ಚು ಎನ್ನಬಹುದು, ನನ್ನ ವಂಶವನ್ನೆಲ್ಲ ಎತ್ತಿ ಬೈಯಬಹುದು. ಅವನು ನನ್ನನ್ನು ನಾಲ್ಕು ಜನ ಕೇಳುವಂತೆ ಬೈಯಲಿ ಎಂದು ನಾನು ಬಸ್ಸಿನುದ್ದಕ್ಕೂ ಹರಕೆ ಹೊರುತ್ತ ಹೋಗುತ್ತಿದ್ದೆ. ಬರಲಿಲ್ಲ. ತಿಂಗಳುಗಳು ಹೋದವು, ಆ ಒಂದು ಮಾತು ಒಂದೇ ಆಗಿ ಉಳಿಯಿತು. ಮಂಗಳೂರಿನ ಡಾಕ್ಟರೂ ಪರೀಕ್ಷೆ ಮಾಡಿ, ಇನ್ನು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ ಎಂದರಂತೆ. ನನ್ನ ಹಾಡಿಲ್ಲದಾಗಲೂ ಅವನು ಈಗ ಅದನ್ನು ಹೇಳುತ್ತಾನೆ. ಅನ್ನ ಬೇಡವೆಂದರೂ ಸಾಕು, ಇನ್ನಷ್ಟು ಬೇಕೆಂದರೂ ಸಾಕು. ನೆಂಟರು ಬಂದರೆ ಸಾಕು, ಹೊರಟರೂ ಸಾಕು. ದನಿಯ ಏರಿಳಿತ ನೋಡಿ ಸುಮಿತ್ರ ಅರ್ಥ ಮಾಡಿಕೊಳ್ಳುತ್ತಾರೆ. "ಮೊದಲು ಗೋಡೆ ಹತ್ರ ಮಾತಾಡಿದ ಹಾಗಿತ್ತು, ಈಗ ಪರವಾಗಿಲ್ಲ" ಎಂದು ನನಗೆ ಸಮಾಧಾನ ಹೇಳುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. ಇಡೀ ಭಾಷೆಯಲ್ಲಿ ಅವನಿಗೆ ದಕ್ಕಿದ್ದು ಒಂದೇ ಮಾತು, ಅದೂ ನನ್ನಿಂದ ದಕ್ಕಿದ್ದು ಇದು. ಮೊನ್ನೆ ಹೊರಡಲು ಎದ್ದಾಗ ಅವನು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. "ಸಾಕು" ಎಂದ. ಸರಿ, ಬರುತ್ತೇನೆ ಎಂದೆ. "ಸಾಕು, ಸಾಕು" ಎಂದ. ಕೈ ಮಾತ್ರ ಬಿಡಲಿಲ್ಲ. ಮತ್ತೆ ಕೂತೆ. ಬಸ್ಸು ಹೋಯಿತು.

ಈ ಸುದ್ದಿ ಹೇಗೋ ಹರಡಿದೆ. ಹೋದ ವಾರ ಶೃಂಗೇರಿ ಕಡೆಯ ಹೆಂಗಸೊಬ್ಬರು ಮನೆ ಹುಡುಕಿಕೊಂಡು ಬಂದರು. ಲಲಿತ ಕಾಫಿ ಕೊಟ್ಟಳು. ಅವರ ಅತ್ತೆಗೂ ಹೀಗೇ ಆಗಿದೆಯಂತೆ, ಆರು ತಿಂಗಳಿಂದ ಒಂದಕ್ಷರ ಇಲ್ಲವಂತೆ. "ಒಂದು ಸಲ ಬಂದು ಹಾಡಿ ಮೇಷ್ಟ್ರೆ, ನಿಮಗೆ ಕೈ ಮುಗೀತೀನಿ" ಎಂದು ಕಣ್ಣೊರೆಸಿಕೊಂಡರು. ನನಗೆ ಅಯ್ಯೋ ಎನಿಸಿತು. ಜೊತೆಗೆ, ಸುಳ್ಳೇಕೆ, ಒಬ್ಬರು ಮನೆಗೇ ಬಂದು ಹಾಡಲು ಕರೆದರಲ್ಲ ಎಂದು ಸ್ವಲ್ಪ ನೆಟ್ಟಗೆ ಕೂತೆ. "ನಿಮ್ಮ ಅತ್ತೆಗೆ ಸಂಗೀತ ಅಂದರೆ ಇಷ್ಟವಾ?" ಎಂದು ಕೇಳಿದೆ.

"ಪ್ರಾಣ ಮೇಷ್ಟ್ರೆ. ಅಪಸ್ವರ ಕಿವಿಗೆ ಬಿದ್ರೆ ತಡಕೊಳ್ಳೋರೇ ಅಲ್ಲ. ಅದಕ್ಕೇ ನಿಮ್ಮನ್ನ ಕರೀಲಿಕ್ಕೆ ಬಂದಿದ್ದು."

ಲಲಿತ ಲೋಟ ತೆಗೆದುಕೊಂಡು ಬೇಗ ಒಳಗೆ ಹೋದಳು. ನಾನು ಬರುತ್ತೇನೆ ಎಂದು ಹೇಳಿ ಕಳಿಸಿದೆ. ಇನ್ನೇನು ಹೇಳಲಿ? ಹೇಳಿದ ಮೇಲೆ, ಅಭ್ಯಾಸ ಮಾಡಿಕೊಂಡು ಹೋಗಬೇಕೋ ಮಾಡದೆ ಹೋಗಬೇಕೋ ತಿಳಿಯದೆ ಕೂತಿದ್ದೇನೆ.